ಮಂಗರವಳ್ಳಿಗೆ ಗೆಣ್ಣು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಒಂದೇ ಕಡೆ ಕೂತು ಅಭ್ಯಾಸವಾಗಿರಲಿಲ್ಲ. ಹಳ್ಳಗಳು ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ, ಮರ, ಕುರಿ, ಮನುಷ್ಯ, ಎಲ್ಲರೂ ಒಂದೇ ಮಾತನ್ನು ಆಡುತ್ತಿದ್ದರು. ಆದ್ದರಿಂದ ಜಗಳಗಳೂ ಬೇಗ ಮುಗಿಯುತ್ತಿದ್ದವು.

ಆ ಕಾಲದಲ್ಲಿ, ಕಲ್ಲುಬಂಡೆಗಳ ಬಯಲುಸೀಮೆಯಲ್ಲಿ, ಒಂದು ಬಂಡೆಯ ಮಗ್ಗುಲಿಗೆ ಮಂಗರವಳ್ಳಿ ಬೆಳೆದಿತ್ತು.

ಈಗ ಬೇಲಿಯ ಮೇಲೆ ಕಾಣುವ ಮಂಗರವಳ್ಳಿಯನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಆಗಿನದು ಹಾಗಿರಲಿಲ್ಲ. ಅದು ದುಂಡಗಿತ್ತು, ನುಣ್ಣಗಿತ್ತು. ಬುಡದಿಂದ ತುದಿಯವರೆಗೆ ಎಲ್ಲಿಯೂ ಗಂಟಿಲ್ಲ, ಗೆಣ್ಣಿಲ್ಲ, ಒಂದು ಎಲೆಯೂ ಇಲ್ಲ. ಹಸಿರು ಹಗ್ಗವೊಂದನ್ನು ಯಾರೋ ನೆಲದ ಮೇಲೆ ನೆಟ್ಟಗೆ ಎಳೆದು ಬಿಟ್ಟಂತೆ ಮಲಗಿರುತ್ತಿತ್ತು.

"ಎಲೆ ಬೇಡವೇನೇ ನಿನಗೆ?" ಎಂದು ಪಕ್ಕದ ಹುಣಸೆಮರ ಕೇಳುತ್ತಿತ್ತು.

"ಎಲೆ ಇದ್ದರೆ ಧೂಳು ಕೂರುತ್ತದೆ," ಎನ್ನುತ್ತಿತ್ತು ಮಂಗರವಳ್ಳಿ. "ನಾನು ಬುಡದಿಂದ ತುದಿಯವರೆಗೆ ಒಂದೇ ಎಳೆ. ನಿನ್ನ ಹಾಗೆ ಕವಲು ಕವಲಲ್ಲ."

"ಬಂಡೆ ಹತ್ತುವುದಿಲ್ಲವೇ? ಮೇಲಿಂದ ಊರು ಚೆನ್ನಾಗಿ ಕಾಣುತ್ತದೆ."

"ಹತ್ತಬೇಕಾದರೆ ಬಗ್ಗಬೇಕು. ನಾನು ಬಗ್ಗುವುದಿಲ್ಲ."

ಹುಣಸೆಮರ ಅಲ್ಲಿಗೆ ಮಾತು ಬಿಡುತ್ತಿತ್ತು. ಅದಕ್ಕೆ ತನ್ನದೇ ಒಂದು ಬೇಸರವಿತ್ತು. ಆಗಿನ ಜನ ಹುಣಸೆಯ ಬೀಜವನ್ನು ಮಾತ್ರ ತೆಗೆದುಕೊಂಡು ಹಣ್ಣನ್ನು ತಿಪ್ಪೆಗೆ ಎಸೆಯುತ್ತಿದ್ದರು. ಇಷ್ಟು ಹುಳಿಯಾದ ಹಣ್ಣನ್ನು ತಿನ್ನಬಹುದು ಎಂದು ಯಾರಿಗೂ ತೋಚಿರಲಿಲ್ಲ.

ಬೀಜ ಬೇಕಾಗಿದ್ದುದು ಮಾಳಿಂಗಜ್ಜನ ಮನೆಗೆ. ಮಾಳಿಂಗಜ್ಜ ಕಂಬಳಿ ನೇಯುವವನು. ಕುರಿಯ ಉಣ್ಣೆಯನ್ನು ಅವನ ಹೆಂಡತಿ ಕೆಂಚವ್ವ ನೂಲಾಗಿ ತೆಗೆಯುತ್ತಿದ್ದಳು. ಅವನು ಗುಂಡಿಯಲ್ಲಿ ಕಾಲಿಳಿಸಿ ಕೂತು, ಮಗ್ಗದಲ್ಲಿ ಲಾಳಿ ಎಸೆದು ಎಸೆದು ನೇಯುತ್ತಿದ್ದ. ನೇಯ್ದ ಮೇಲೆ ಹುಣಸೆಬೀಜವನ್ನು ಅರೆದು, ಬೇಯಿಸಿ, ಆ ಸರಿಯನ್ನು ಕಂಬಳಿಗೆ ಬಳಿಯುತ್ತಿದ್ದರು. ಆಗ ಕಂಬಳಿ ಗಡುಸಾಗಿ ನಿಲ್ಲುತ್ತಿತ್ತು. ಆಗಿನ ಜನ ಅದನ್ನು ನೆಲಕ್ಕೆ ಹಾಸಿಕೊಳ್ಳುತ್ತಿದ್ದರಷ್ಟೆ. ಅವರ ಮಗಳು ತಿಪ್ಪಕ್ಕನಿಗೆ ಆಗಷ್ಟೇ ಒಂದು ಹೆಣ್ಣುಮಗು ಹುಟ್ಟಿತ್ತು. ಅವಳು ಬಾಣಂತನಕ್ಕೆ ತವರಿನಲ್ಲೇ ಇದ್ದಳು.

ಆ ವರ್ಷ ಒಂದು ದಿನ ಮಾಗಿಯ ಗಾಳಿ ಊರಿಗೆ ಬಂತು. ಅದು ಹೊಸ ಗಾಳಿ. ಇನ್ನೂ ಯಾರ ಮೇಲೂ ಬೀಸಿರಲಿಲ್ಲ. ಬಾಗಿಲ ಹೊರಗೆ ನಿಂತು, ಕರೆದು, ಹೇಳಬೇಕಾದದ್ದನ್ನು ಹೇಳಿತು.

"ಅವರೆ ಹೂ ಬಿಟ್ಟ ದಿನ ನಾನು ಬರುತ್ತೇನೆ. ಜೊತೆಗೆ ಚಳಿ ಬರುತ್ತದೆ. ಮುಂಚೆಯೇ ತಿಳಿಸಿದ್ದೇನೆ, ಆಮೇಲೆ ನನ್ನನ್ನು ದೂರಬಾರದು."

"ಚಳಿ ಎಂದರೆ ಏನಪ್ಪಾ?" ಎಂದಳು ಕೆಂಚವ್ವ.

ಗಾಳಿ ಅವಳ ಕತ್ತಿನ ಹಿಂದೆ ಒಂದೇ ಒಂದು ಸಲ, ಮೆಲ್ಲಗೆ, ಊದಿತು. ಕೆಂಚವ್ವ ಕೈಯಲ್ಲಿದ್ದ ಕದಿರನ್ನು ಅಲ್ಲೇ ಬಿಟ್ಟು, ಸೆರಗನ್ನು ಕಿವಿಯವರೆಗೆ ಎಳೆದುಕೊಂಡಳು.

"ಗೊತ್ತಾಯಿತು, ಗೊತ್ತಾಯಿತು. ಇನ್ನೊಮ್ಮೆ ತೋರಿಸಬೇಡ."

ಹಟ್ಟಿಯಲ್ಲಿದ್ದ ಕುರಿಗಳು ನಕ್ಕವು. ಅವುಗಳಿಗೇನು, ಮೈತುಂಬ ಉಣ್ಣೆ. ಆದರೆ ಒಂದು ಮುದಿ ಕುರಿ ತೊಟ್ಟಿಲಿನೊಳಗೆ ಇಣುಕಿ ನೋಡಿ, "ಅಯ್ಯೋ, ಈ ಮರಿಗೆ ಬೆನ್ನ ಮೇಲೆ ಒಂದು ಕೂದಲೂ ಇಲ್ಲವಲ್ಲ!" ಎಂದಿತು. ಆಗ ಯಾರೂ ನಗಲಿಲ್ಲ.

ಮಾಳಿಂಗಜ್ಜ ಎದ್ದು ನಿಂತ. "ಅವರೆ ಹೂ ಬಿಡುವುದರೊಳಗೆ ಮಗುವಿಗೆ ಒಂದು ಕಂಬಳಿ ಆಗಬೇಕು," ಎಂದ. ಎದ್ದು ನಿಲ್ಲುವಾಗ ಅವನ ಮಂಡಿ ಕಟಕ್ ಎಂದಿತು. ಅವನು ಕೇಳಿಸದವನಂತೆ ಇದ್ದ. ಕೆಂಚವ್ವ ಕೇಳಿಸಿಕೊಂಡಳು.

ಕಂಬಳಿ ನೇಯುವವರು ಮೊದಲು ಬಯಲಿನಲ್ಲಿ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ನೂಲನ್ನು ಉದ್ದಕ್ಕೆ ಎಳೆದು ಕಟ್ಟುತ್ತಾರೆ. ಅದಕ್ಕೆ ಹಾಸು ಎನ್ನುತ್ತಾರೆ. ಮಾಳಿಂಗಜ್ಜ ಬಂಡೆಯ ಮುಂದಿನ ಬಯಲಿನಲ್ಲಿ, ಮಂಗರವಳ್ಳಿಯ ಪಕ್ಕದಲ್ಲೇ, ಹಾಸು ಹಾಕಿದ. ಇತ್ತ ಕರಿಯ ನೂಲು ನೆಟ್ಟಗೆ, ಅತ್ತ ಹಸಿರು ಬಳ್ಳಿ ನೆಟ್ಟಗೆ.

ಸಂಜೆ ಕುರಿಗಳು ಮೇದು ಮನೆಗೆ ಬಂದವು. ಹಾಸನ್ನು ತುಳಿಯಬಾರದು ಎಂದು ಅವುಗಳಿಗೆ ಗೊತ್ತಿತ್ತು. ಅವು ಆ ಕಡೆಯಿಂದ ಸರಿದು ಬಳ್ಳಿಯ ಕಡೆಗೆ ಬಂದವು. ಮುಂದಿದ್ದ ಟಗರು ಮರ್ಯಾದೆಯಿಂದಲೇ ಕೇಳಿತು.

"ಸ್ವಲ್ಪ ಬಗ್ಗಿ ದಾರಿ ಕೊಡುತ್ತೀಯಾ?"

"ನಾನು ಬಗ್ಗುವುದಿಲ್ಲ," ಎಂದಿತು ಮಂಗರವಳ್ಳಿ.

"ಹಿಂದೆ ಮಂದೆ ಬರುತ್ತಿದೆ. ಅವು ನನ್ನ ಮಾತು ಕೇಳಿ ನಿಲ್ಲುವುದಿಲ್ಲ."

"ಬಗ್ಗುವುದಿಲ್ಲ ಎಂದೆನಲ್ಲ!"

ಮಂದೆ ಬಂತು. ಮಂದೆ ಹೋಯಿತು. ಧೂಳು ಇಳಿದಾಗ ಮಂಗರವಳ್ಳಿ ತುಂಡು ತುಂಡಾಗಿ ಬಿದ್ದಿತ್ತು. ಒಂದೊಂದು ತುಂಡೂ ಬೇರೆ ಬೇರೆಯಾಗಿ, ಸಣ್ಣ ದನಿಯಲ್ಲಿ, ನರಳುತ್ತಿತ್ತು.

ಅದೇ ಹೊತ್ತಿಗೆ ಮಾಳಿಂಗಜ್ಜ ಹೊರಗೆ ಬಂದ. ಕುರಿಗಳು ಹೋದ ಮೇಲೆ ಹಾಸಿನಲ್ಲಿ ಎಳೆ ಕಡಿದಿದೆಯೇ ಎಂದು ನೋಡುವುದು ಅವನ ಪದ್ಧತಿ. ಮಸುಕು ಬೆಳಕು. ಬಹುಕಾಲ ಉಣ್ಣೆಯ ಧೂಳಿನಲ್ಲಿ ಕೂತು ಅವನ ಕಣ್ಣು ಮಂಜಾಗಿತ್ತು. ಅವನು ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಡವಿದ. ಕಡಿದ ತುದಿಯೊಂದು ಬೆರಳಿಗೆ ಸಿಕ್ಕಿತು.

ನೇಯುವವನ ಕೈಗೆ ಕಡಿದ ಎಳೆ ಸಿಕ್ಕರೆ ಅದು ಸುಮ್ಮನಿರುವುದಿಲ್ಲ. ತಲೆ ಬೇಡವೆಂದರೂ ಕೈ ಗಂಟು ಹಾಕುತ್ತದೆ. ಮಾಳಿಂಗಜ್ಜ ಸೊಂಟದಲ್ಲಿದ್ದ ಉಣ್ಣೆಯಿಂದ ಒಂದು ಎಳೆ ಕಿತ್ತ. ಎರಡು ತುದಿಗಳನ್ನು ಸೇರಿಸಿದ. ನಾಲ್ಕು ಬೆರಳುಗಳ ನಡುವೆ ಒತ್ತಿ ಹಿಡಿದ, ಉಣ್ಣೆ ಸುತ್ತಿದ, ಹೆಬ್ಬೆರಳಿನಿಂದ ಗಂಟನ್ನು ಅದುಮಿದ. ಮಿಕ್ಕ ಬಾಲವನ್ನು ಹಾಗೆಯೇ ಬಿಟ್ಟ. ಸರಿ ಬಳಿಯುವ ದಿನದವರೆಗೆ ಗಂಟಿನ ಬಾಲವನ್ನು ಕತ್ತರಿಸಬಾರದು, ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆ.

"ಕೆಂಚೀ!" ಎಂದು ಕೂಗಿದ. "ಇದೇನೇ ಇಷ್ಟು ದಪ್ಪ ತೆಗೆದಿದ್ದೀಯೆ? ಇದು ನೂಲೋ, ಎತ್ತಿನ ಹಗ್ಗವೋ?"

ಒಳಗಿನಿಂದ ಉತ್ತರ ಬಂತು. "ನನ್ನ ನೂಲಿಗೆ ಹೆಸರಿಡಬೇಡ. ಇಡೀ ಸೀಮೆಯಲ್ಲಿ ಇಷ್ಟು ಸಣ್ಣ ತೆಗೆಯುವವಳನ್ನು ತೋರಿಸು ನೋಡೋಣ!"

"ಒದ್ದೆ ಬೇರೆ ಇದೆ!"

"ನಿನ್ನ ಬೆವರು ಇರಬೇಕು!"

ಮಾಳಿಂಗಜ್ಜ ಗೊಣಗುತ್ತಾ ಮುಂದಿನ ತುದಿಯನ್ನು ಹುಡುಕಿದ. ಸೇರಿಸಿದ, ಸುತ್ತಿದ, ಅದುಮಿದ, ಬಾಲ ಬಿಟ್ಟ. ಅದರ ಮುಂದಿನದನ್ನು ಹುಡುಕಿದ. ಸೇರಿಸಿದ, ಸುತ್ತಿದ, ಅದುಮಿದ, ಬಾಲ ಬಿಟ್ಟ. ಒಂದೊಂದು ಗಂಟಿಗೂ ಅವನ ಬೆರಳಿನ ಗೆಣ್ಣುಗಳು ನೋಯುತ್ತಿದ್ದವು. ಮಂಡಿ ಉರಿಯುತ್ತಿತ್ತು. ಆದರೂ ಕಡಿದದ್ದನ್ನು ಬಿಟ್ಟು ಎದ್ದು ಹೋಗುವುದು ಅವನಿಂದ ಆಗದ ಕೆಲಸ.

ಮಂಗರವಳ್ಳಿ ಉಸಿರು ಬಿಗಿಹಿಡಿದುಕೊಂಡಿತ್ತು. 'ನಾನು ನೂಲಲ್ಲ' ಎಂದು ಹೇಳಿಬಿಟ್ಟರೆ ಅಜ್ಜ ನಿಲ್ಲಿಸಿಬಿಡುತ್ತಾನೆ. ಆದ್ದರಿಂದ ಅದು ಹೇಳಲಿಲ್ಲ. ಕೊನೆಯ ತುಂಡು ಸೇರುವವರೆಗೂ ಹೇಳಲಿಲ್ಲ.

ಬೆಳಗಾಯಿತು. ಕೆಂಚವ್ವ ಬಯಲಿಗೆ ಬಂದು ನೋಡಿದಳು. ಕರಿಯ ಹಾಸು ಹೇಗಿತ್ತೋ ಹಾಗೆಯೇ ಇತ್ತು, ಒಂದು ಎಳೆಯೂ ಕಡಿದಿರಲಿಲ್ಲ. ಪಕ್ಕದಲ್ಲಿ ಮಂಗರವಳ್ಳಿ ಉದ್ದಕ್ಕೂ ಗಂಟು ಗಂಟಾಗಿ, ಗಂಟಿಗೊಂದು ಬಾಲ ಬಿಟ್ಟುಕೊಂಡು, ನಾಚಿಕೆಯಿಂದ ಮಲಗಿತ್ತು.

ಕೆಂಚವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಎದ್ದು ಬಾ ಮಾರಾಯ, ನಿನ್ನ ಎತ್ತಿನ ಹಗ್ಗ ನೋಡು ಬಾ! ಮಗುವಿಗೆ ಹಸಿರು ಕಂಬಳಿ ನೇಯುತ್ತೀಯೇನು?"

ಮಾಳಿಂಗಜ್ಜ ಬರಲಿಲ್ಲ.

ಅವಳು ಒಳಗೆ ಹೋದಳು. ಅವನು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದ. ಮಂಡಿ ಎರಡೂ ಸೋರೆಬುರುಡೆಯಂತೆ ಊದಿದ್ದವು. ಗುಂಡಿಯೊಳಗೆ ಕಾಲು ಇಳಿಸಲು ಆಗುತ್ತಿರಲಿಲ್ಲ. ಕೈಬೆರಳುಗಳು ಮಡಿಸಿಕೊಂಡು ಬಿಟ್ಟಿದ್ದವು, ಲಾಳಿ ಹಿಡಿಯಲು ತೆರೆಯುತ್ತಿರಲಿಲ್ಲ.

ಕೆಂಚವ್ವನ ನಗು ನಿಂತಿತು.

"ತೋರಿಸು ಕೈ," ಎಂದಳು. ತೋರಿಸಿದ. "ಯಾವುದೋ ಕಾಡುಬಳ್ಳಿಗೆ ಇದ್ದಬದ್ದ ಬೆರಳನ್ನೆಲ್ಲ ಸವೆಸಿ ಬಂದೆಯಲ್ಲ. ಇನ್ನು ಮಗುವಿಗೆ ಏನು ಹೊದಿಸಲಿ? ನನ್ನ ಸೆರಗನ್ನೇ?"

"ಕಡಿದಿತ್ತು ಕಣೇ," ಎಂದ ಮಾಳಿಂಗಜ್ಜ.

ತಿಪ್ಪಕ್ಕ ಹೊಲಕ್ಕೆ ಹೋಗಿ ಅವರೆಯನ್ನು ನೋಡಿಕೊಂಡು ಬಂದಳು. "ಮೊಗ್ಗು ಕಾಣಿಸಿಕೊಂಡಿದೆ, ಅವ್ವ. ಸಾಸಿವೆಯಷ್ಟಿದೆ," ಎಂದಳು. ಮಗುವನ್ನು ಇನ್ನೂ ಹತ್ತಿರಕ್ಕೆ ಒತ್ತಿಕೊಂಡಳು.

ಇದನ್ನೆಲ್ಲ ಮಂಗರವಳ್ಳಿ ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿತು. ಈಗ ಅದು ಬಗ್ಗಬಲ್ಲದಾಗಿತ್ತು. ಒಂದೊಂದು ಗಂಟಿನ ಬಳಿಯೂ ಸ್ವಲ್ಪ ಸ್ವಲ್ಪ ಬಗ್ಗಿ, ಬಾಲಗಳಿಂದ ಕಲ್ಲನ್ನು ಹಿಡಿದುಕೊಂಡು, ತೆವಳುತ್ತಾ ಹೊಸ್ತಿಲಿಗೆ ಬಂತು.

"ಅಜ್ಜಾ, ನನ್ನನ್ನು ಮುಟ್ಟಿ ನೋಡು," ಎಂದಿತು.

ಮಾಳಿಂಗಜ್ಜ ಮಡಿಸಿದ ಬೆರಳಿನ ಬೆನ್ನಿನಿಂದ ಸವರಿ ನೋಡಿದ. ಗಂಟಿನೊಳಗೆ ಎರಡು ತುದಿಗಳೂ ಬೆಸೆದುಕೊಂಡು ಒಂದಾಗಿದ್ದವು. ಉಣ್ಣೆ ಹಸಿರಾಗಿ ಬಳ್ಳಿಯೊಳಕ್ಕೆ ಸೇರಿಹೋಗಿತ್ತು.

"ಒಂದೇ ರಾತ್ರಿಗೆ ಕೂಡಿತೇ?" ಎಂದ ಅವನು ಬೆರಗಿನಿಂದ. "ನನ್ನ ನೂಲು ಹೀಗೆ ಕೂಡುವುದಿಲ್ಲ."

"ಕೂಡಿಸುವುದು ಹೇಗೆಂದು ನಿನ್ನ ಕೈ ತೋರಿಸಿತು. ನನ್ನೊಳಗಿನ ರಸ ಕಲಿತುಕೊಂಡಿತು. ಈಗ ಅದು ನಿನ್ನ ಗೆಣ್ಣಿಗೂ ಆಗಬಹುದು. ನನ್ನನ್ನು ಕತ್ತರಿಸಿ ತಿನ್ನು."

"ಒಳ್ಳೆಯ ಮಾತು! ನೆನ್ನೆ ಕಟ್ಟಿದ್ದನ್ನು ಇವತ್ತು ಕತ್ತರಿಸಲೇ?"

"ಗಂಟಿನ ಕೆಳಗೆ ಕತ್ತರಿಸು. ಎಳೆಯ ತುದಿಯನ್ನು ಮಾತ್ರ ತೆಗೆದುಕೋ. ಮಿಕ್ಕದ್ದು ನಾನು ಬೆಳೆಸಿಕೊಳ್ಳುತ್ತೇನೆ."

ಮಾಳಿಂಗಜ್ಜ ಹಿಂದೆಮುಂದೆ ನೋಡುತ್ತಿದ್ದ. ಕೆಂಚವ್ವ ನೋಡಲಿಲ್ಲ. ಕುಡುಗೋಲು ತಂದು, ಗಂಟಿನ ಕೆಳಗೆ ಸರಿಯಾಗಿ ಕತ್ತರಿಸಿ, ಗಂಡನ ಬಾಯಿಗೆ ಒಂದು ತುಂಡು ಹಾಕಿದಳು.

ಅಜ್ಜ ಅಗಿದ. ಆಮೇಲೆ ಅವನ ಹುಬ್ಬು ಮೇಲೆ ಹೋಯಿತು, ಮೀಸೆ ನಡುಗಿತು.

"ತುರಿಕೆ! ನಾಲಿಗೆ ತುರಿಕೆ!"

"ಅಯ್ಯೋ, ಹೇಳುವುದು ಮರೆತೆ," ಎಂದಿತು ಮಂಗರವಳ್ಳಿ. "ಕುರಿಗಳು ಕಡಿಯದಿರಲಿ ಎಂದು ಮೈತುಂಬ ತುರಿಕೆ ಇಟ್ಟುಕೊಂಡಿದ್ದೇನೆ."

"ಈಗ ಹೇಳುತ್ತೀಯಲ್ಲ!" ಎಂದು ಕೆಂಚವ್ವ ಗದರಿದಳು. ನೀರು ಕೊಟ್ಟಳು, ತುರಿಕೆ ಹೋಗಲಿಲ್ಲ. ಮಜ್ಜಿಗೆ ಕೊಟ್ಟಳು, ಆಗಲೂ ಹೋಗಲಿಲ್ಲ. ಅಜ್ಜ ನಾಲಿಗೆಯನ್ನು ಹೊರಗೆ ಚಾಚಿಕೊಂಡು ಅವಳನ್ನೇ ನೋಡುತ್ತಾ ಕೂತ. ತೊಟ್ಟಿಲಿನಲ್ಲಿದ್ದ ಮಗು ಅವನನ್ನು ನೋಡಿ ತಾನೂ ನಾಲಿಗೆ ಚಾಚಿತು.

ಹೊರಗಿನಿಂದ ಹುಣಸೆಮರ ಕೆಮ್ಮಿತು. "ನನ್ನನ್ನು ಯಾರು ಕೇಳುತ್ತಾರೆ? ಬೀಜ ತೆಗೆದುಕೊಂಡು ಹಣ್ಣು ಎಸೆಯುವ ಮನೆ."

"ಏನು ಹೇಳಬೇಕೋ ನೆಟ್ಟಗೆ ಹೇಳು," ಎಂದಳು ಕೆಂಚವ್ವ.

"ತಿಪ್ಪೆಯ ಮೇಲೆ ಎಸೆದಿದ್ದೀಯಲ್ಲ, ಅದನ್ನಲ್ಲ. ನನ್ನ ಕೊಂಬೆಯಿಂದ ಹೊಸದಾಗಿ ಕಿತ್ತುಕೋ. ಅವನ ನಾಲಿಗೆಗೆ ಹಚ್ಚು."

ಕೆಂಚವ್ವ ಕಿತ್ತು ತಂದು ಹಚ್ಚಿದಳು. ಹುಳಿಗೆ ಅಜ್ಜನ ಒಂದು ಕಣ್ಣು ಮುಚ್ಚಿಕೊಂಡಿತು. ಆಮೇಲೆ ಇನ್ನೊಂದು ಕಣ್ಣೂ ಮುಚ್ಚಿಕೊಂಡಿತು. ಎರಡನ್ನೂ ತೆರೆದಾಗ, "ತುರಿಕೆ ಇಲ್ಲ," ಎಂದ. ಸ್ವಲ್ಪ ಯೋಚಿಸಿ, "ಇನ್ನೊಂದು ಚೂರು ಹುಳಿ ಕೊಡು," ಎಂದ.

ಹುಣಸೆಮರ ಅಂದಿನಿಂದ ಕೆಮ್ಮುವುದನ್ನು ಬಿಟ್ಟಿತು.

ಆಮೇಲೆ ಕೆಂಚವ್ವ ಕೆಲಸವನ್ನು ಕ್ರಮವಾಗಿ ಮಾಡಿದಳು. ಕೈಗೆ ಎಣ್ಣೆ ಸವರಿಕೊಂಡಳು. ಬಳ್ಳಿಯ ಎಳೆಯ ತುದಿಗಳ ನಾರು ತೆಗೆದಳು. ಎಳ್ಳೆಣ್ಣೆಯಲ್ಲಿ ಬಾಡುವವರೆಗೆ ಹುರಿದಳು. ಹುಣಸೆಹಣ್ಣು, ಉಪ್ಪು, ಎಳ್ಳು, ಬೆಳ್ಳುಳ್ಳಿ ಸೇರಿಸಿ ಕಲ್ಲಿನಲ್ಲಿ ನುಣ್ಣಗೆ ಅರೆದಳು. ಬಿಸಿ ಮುದ್ದೆಯ ಪಕ್ಕದಲ್ಲಿ ಒಂದು ಉಂಡೆ ಚಟ್ನಿ ಇಟ್ಟಳು. ಅಜ್ಜ ತಟ್ಟೆ ಬಳಿದು ತಿಂದ.

ತಿಂದ ಕೂಡಲೇ ಎದ್ದು ಕುಣಿದ ಎಂದು ನಾನು ಹೇಳುವುದಿಲ್ಲ. ಔಷಧಿ ಹಾಗೆ ಕೆಲಸ ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ಕೆಂಚವ್ವ ಕೇಳಿದಳು, "ಹೇಗಿದೆ?"

"ಹಾಗೆಯೇ ಇದೆ."

ತಿಪ್ಪಕ್ಕ ಹೊಲದಿಂದ ಬಂದಳು. "ಮೊಗ್ಗು ಜೋಳದಷ್ಟಾಗಿದೆ."

ಅದರ ಮರುದಿನ ಕೆಂಚವ್ವ ಮತ್ತೆ ಕೇಳಿದಳು, "ಹೇಗಿದೆ?"

"ಕಿರುಬೆರಳು ತೆರೆಯಿತು."

"ಮೊಗ್ಗು ಕಡಲೆಯಷ್ಟಾಗಿದೆ," ಎಂದಳು ತಿಪ್ಪಕ್ಕ.

ಆಮೇಲೆ ಉಂಗುರದ ಬೆರಳು ತೆರೆಯಿತು. ಆಮೇಲೆ ನಡುಬೆರಳು. ಹೊಲದಲ್ಲಿ ಮೊಗ್ಗು ದಿನದಿನಕ್ಕೆ ಉಬ್ಬುತ್ತಿತ್ತು, ಮನೆಯಲ್ಲಿ ಅಜ್ಜನ ಮಂಡಿಯ ಊತ ದಿನದಿನಕ್ಕೆ ಇಳಿಯುತ್ತಿತ್ತು. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವಂತಿರಲಿಲ್ಲ. ಕೆಂಚವ್ವ ಬಯಲಿನ ಹಾಸನ್ನು ತಂದು ಮಗ್ಗಕ್ಕೆ ಏರಿಸಿಟ್ಟಳು.

ತೋರುಬೆರಳು ತೆರೆದ ಬೆಳಿಗ್ಗೆ ಮಾಳಿಂಗಜ್ಜ ಯಾರನ್ನೂ ಕೇಳದೆ ಗುಂಡಿಗೆ ಕಾಲು ಇಳಿಸಿದ. ಒಂದು ಕಾಲು. ಸ್ವಲ್ಪ ತಡೆದು ಇನ್ನೊಂದು ಕಾಲು. ಮಂಡಿ ಕಟಕ್ ಎನ್ನಲಿಲ್ಲ. ಲಾಳಿಯನ್ನು ತೆಗೆದುಕೊಂಡು ಎಸೆದ. ಲಾಳಿ ಆ ಕಡೆಗೆ ಹೋಯಿತು. ಎಸೆದ. ಈ ಕಡೆಗೆ ಬಂತು.

"ನಿಧಾನ," ಎಂದಳು ಕೆಂಚವ್ವ.

"ನಿಧಾನ ಮಾಡುವ ಹೊತ್ತೇ ಇದು?"

"ಹಾಗಾದರೆ ಮಾತಾಡದೆ ನೇಯಿ."

ಅವನು ಮಾತಾಡದೆ ನೇಯ್ದ. ಅವಳು ಪಕ್ಕದಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಟ್ಟಳು. ಬೆಳಗಿನ ಅಂಬಲಿಯನ್ನು ತಿಪ್ಪಕ್ಕ ಅಪ್ಪನ ಬಾಯಿಗೇ ಹಿಡಿದಳು. ಕಂಬಳಿ ಒಂದು ಗೇಣು ಆಯಿತು. ಮೊಣಕೈಯುದ್ದ ಆಯಿತು. ಇನ್ನೂ ಒಂದು ಗೇಣು ಬೇಕಾಗಿತ್ತು.

ಅಷ್ಟರಲ್ಲಿ ಹೊಲದ ಕಡೆಯಿಂದ ಮೆಲ್ಲಗೆ ಒಂದು ಸುವಾಸನೆ ಬಂತು. ಅವರೆ ಹೂ ಬಿಟ್ಟಿತ್ತು.

ಬಾಗಿಲ ಹೊರಗೆ ಮಾಗಿಯ ಗಾಳಿ ನಿಂತಿತ್ತು. "ಬಂದಿದ್ದೇನೆ. ಹೇಳಿದ ದಿನಕ್ಕೇ ಬಂದಿದ್ದೇನೆ."

"ಸ್ವಲ್ಪ ತಡಿಯಪ್ಪ," ಎಂದಳು ಕೆಂಚವ್ವ. "ಇನ್ನೊಂದು ಗೇಣು."

"ತಡೆಯುವುದು ನನ್ನ ಕೈಯಲ್ಲಿಲ್ಲ. ಹೂವಿಗೆ ಮಾತು ಕೊಟ್ಟಿದ್ದೇನೆ," ಎಂದು ಗಾಳಿ ಒಳಗೆ ಬಂತು. ಬೇಕೆಂದು ಬರಲಿಲ್ಲ, ಆದರೆ ಬಂತು. ಒಲೆಯ ಬೂದಿ ಎದ್ದಿತು. ತೊಟ್ಟಿಲು ಅಲುಗಿತು. ಮಗು ಕಾಲೆರಡನ್ನೂ ಹೊಟ್ಟೆಗೆ ಎಳೆದುಕೊಂಡು, ಬಾಯಿ ತೆರೆದು, ದನಿ ಹೊರಡದೆ ಅತ್ತಿತು.

ಮಾಳಿಂಗಜ್ಜನ ಕೈಬೆರಳೆಲ್ಲ ಈಗ ಅವನ ಮಾತು ಕೇಳುತ್ತಿದ್ದವು. ಲಾಳಿ ಹೋಯಿತು, ಬಂತು. ಹೋಯಿತು, ಬಂತು. ಅವನು ಒಂದು ಸಲ ಮಗುವಿನ ಕಡೆ ನೋಡಿದ, ಒಂದು ಸಲ ಕಂಬಳಿಯ ಕಡೆ ನೋಡಿದ. ಬೆರಳಿನಿಂದ ಕಂಬಳಿಯ ಅಳತೆ ಹಾಕಿದ. "ಸಾಕು!" ಎಂದ. "ನಡೆಯುವ ಮಗುವಿನ ಅಳತೆಗೆ ನೇಯುತ್ತಿದ್ದೇನೆ ನಾನು. ಈ ಮರಿ ಎಷ್ಟುದ್ದ ಇದೆ? ಕುಡುಗೋಲು ಕೊಡು!"

ಹಾಸನ್ನು ಸರಕ್ಕನೆ ಕತ್ತರಿಸಿ ಕಂಬಳಿಯನ್ನು ಮಗ್ಗದಿಂದ ಬಿಡಿಸಿದ. ಸರಿ ಬಳಿಯಲು ಹೊತ್ತಿರಲಿಲ್ಲ. ಬಳಿಯದೆ ಇದ್ದದ್ದೇ ಒಳ್ಳೆಯದಾಯಿತು. ಗಡುಸಾಗದ ಕಂಬಳಿ ಕುರಿಮರಿಯ ಕತ್ತಿನಂತೆ ಮೆತ್ತಗಿತ್ತು. ತಿಪ್ಪಕ್ಕ ಮಗುವನ್ನು ಅದರಲ್ಲಿ ಸುತ್ತಿದಳು. ಮಗುವಿನ ಪಾದವೂ ಮುಚ್ಚಿತು, ಕಿವಿಯೂ ಮುಚ್ಚಿತು.

ಗಾಳಿ ತೊಟ್ಟಿಲಿನ ಸುತ್ತ ಒಂದು ಸಲ ಬಂತು. ಒಳಗೆ ನುಗ್ಗಲು ಜಾಗ ಸಿಗಲಿಲ್ಲ. "ಚೆನ್ನಾಗಿದೆ," ಎಂದಿತು. ಅದಕ್ಕೂ ಸಮಾಧಾನವಾದಂತೆ ಕಂಡಿತು. ಮಗು ನಿದ್ದೆ ಹೋಯಿತು.

ಕೆಂಚವ್ವ ಗಂಡನಿಗೆ ಕೈಕೊಟ್ಟು ಗುಂಡಿಯಿಂದ ಮೇಲಕ್ಕೆ ಎಬ್ಬಿಸಲು ಹೋದಳು. ಅವನು ಬೇಡವೆಂದು ತಾನೇ ಎದ್ದ.

"ಓಹೋ," ಎಂದಳು ಅವಳು. "ಹಾಗಾದರೆ ನಾಳೆಯಿಂದ ನೀರು ನೀನೇ ಸೇದು."

ಮಾಳಿಂಗಜ್ಜ ತಕ್ಷಣ ಮತ್ತೆ ಕೂತುಬಿಟ್ಟ. ತಿಪ್ಪಕ್ಕ ಮಗು ಎದ್ದೀತೆಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆ ಚಳಿಗಾಲವೆಲ್ಲ ಮಾಳಿಂಗಜ್ಜ ನೇಯ್ದ. ಊರಿನ ಎಲ್ಲರಿಗೂ ಕಂಬಳಿಯಾಯಿತು. ಮಂಗರವಳ್ಳಿ ಬಂಡೆ ಹತ್ತಿತು. ಹತ್ತಬೇಕಾದ ಕಡೆ ಬಗ್ಗಿತು, ಬಗ್ಗಿದ ಕಡೆ ಕಲ್ಲನ್ನು ಹಿಡಿದುಕೊಂಡಿತು, ಮೇಲಿಂದ ಊರನ್ನು ನೋಡಿತು. ಚಟ್ನಿಗೆ ಬೇಕೆಂದು ಬಂದವರಿಗೆ ತುದಿ ಮುರಿದು ಕೊಟ್ಟಿತು. ಮುರಿದ ತುಂಡು ನೆಲಕ್ಕೆ ಬಿದ್ದರೆ ಅಲ್ಲೇ ಬೇರು ಬಿಟ್ಟು ಇನ್ನೊಂದು ಬಳ್ಳಿಯಾಯಿತು. ಹೀಗೆ ಅದು ಊರಿಂದ ಊರಿಗೆ, ಬೇಲಿಯಿಂದ ಬೇಲಿಗೆ ಹೋಯಿತು.

ಇಂದು ನೀವು ಬೇಲಿಯ ಬಳಿ ಹೋಗಿ ನೋಡಿ. ಕೀಳಬೇಡಿ, ಹಸಿಯಾಗಿ ಬಾಯಿಗೆ ಹಾಕಬೇಡಿ, ಬರೀ ನೋಡಿ. ಅಜ್ಜನ ನಾಲ್ಕು ಬೆರಳು ಒತ್ತಿದ್ದರಿಂದ ಮಂಗರವಳ್ಳಿಗೆ ನಾಲ್ಕು ಮೂಲೆಗಳಿವೆ. ಅವನು ಗಂಟು ಹಾಕಿದಲ್ಲೆಲ್ಲ ಗೆಣ್ಣಿದೆ. ಗೆಣ್ಣಿನ ಒಂದು ಕಡೆ ಹೆಬ್ಬೆರಳು ಅದುಮಿದ ಜಾಗದಲ್ಲಿ ಒಂದು ಪುಟ್ಟ ಎಲೆ ಇದೆ. ಅದರ ಎದುರು ಕಡೆಯಲ್ಲಿ, ಸುರುಳಿ ಸುತ್ತಿಕೊಂಡು ಬೇಲಿಯ ಮುಳ್ಳನ್ನು ಹಿಡಿದಿರುವ ಸಣ್ಣ ಕುಡಿ ಇದೆಯಲ್ಲ, ಅದು ಮಾಳಿಂಗಜ್ಜ ಕತ್ತರಿಸದೆ ಬಿಟ್ಟ ನೂಲಿನ ಬಾಲ.